ನನ್ನ ಅಡಾಪ್ಟರ್, ಅತ್ತಿಗೆಯ ಲಗ್ನಪತ್ರಿಕೆ

ಕಳೆದ ಭಾನುವಾರ ವಿಜಯನಗರದ ಒಂದು ಡಿಟಿಪಿ ಅಂಗಡಿಯಲ್ಲಿ ನನ್ನ ಮಾನ ಹರಾಜಾಯಿತು. ಅದೂ ನಲವತ್ತಮೂರು ಇಂಚಿನ ಟಿವಿಯ ಮೇಲೆ.

ಟಿವಿ ಆ ಅಂಗಡಿಯವರದು. ಲ್ಯಾಪ್‌ಟಾಪೂ ಅವರದೇ. ಎರಡನ್ನೂ ಸೇರಿಸಿದ ಅಡಾಪ್ಟರ್ ಮಾತ್ರ ನನ್ನದು. ಬ್ಯಾಗಿನಿಂದ ತೆಗೆದವನು ನಾನು, ಚುಚ್ಚಿದವನು ನಾನು, 'ಹೆಂಗಿದೆ ನೋಡಿ ಪಿಕ್ಚರ್ರು' ಎಂದು ಬೀಗಿದವನೂ ನಾನೇ. ಇನ್ನು ಯಾರನ್ನು ಬೈಯಲಿ?

ನನ್ನ ಅಡಾಪ್ಟರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಬ್ಯಾಂಕಿನಲ್ಲಿ ನನ್ನದು ಟ್ರೈನಿಂಗ್ ಕೊಡುವ ಕೆಲಸ. ಇವತ್ತು ಕೆಂಗೇರಿ ಬ್ರಾಂಚು, ನಾಳೆ ರಾಜಾಜಿನಗರ. ಹೋದಲ್ಲೆಲ್ಲ ಒಂದೇ ಸೀನು. ಇಪ್ಪತ್ತು ಜನ ಕೂತಿರುತ್ತಾರೆ, ಪ್ರೊಜೆಕ್ಟರ್ 'ನೋ ಸಿಗ್ನಲ್' ಅನ್ನುತ್ತಿರುತ್ತದೆ, ಮ್ಯಾನೇಜರು ಕೇಬಲ್ ಹಿಡಿದುಕೊಂಡು ಲ್ಯಾಪ್‌ಟಾಪಿನ ಸುತ್ತ ತೂತು ಹುಡುಕುತ್ತಿರುತ್ತಾರೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ತೂತೆಲ್ಲಿದೆ? ತೆಳ್ಳಗೆ ಮಾಡುವ ಭರದಲ್ಲಿ ಎಲ್ಲ ಮುಚ್ಚಿ, ಒಂದೋ ಎರಡೋ ಟೈಪ್-ಸಿ ಉಳಿಸಿದ್ದಾರೆ.

ಆಗ ನಾನು ಬ್ಯಾಗಿನ ಜಿಪ್ ಎಳೆಯುತ್ತೇನೆ. ಅಂಗೈಯಷ್ಟು ಉದ್ದದ ಡಬ್ಬಿ. ಒಂದು ಕಡೆ ಟೈಪ್-ಸಿ ಬಾಲ. ಇನ್ನೊಂದು ಕಡೆ ಹೊಸ ಟಿವಿಗೆ ಎಚ್‌ಡಿಎಂಐ, ಹಳೇ ಮಾನಿಟರಿಗೆ ವಿಜಿಎ. ಎರಡೇ ನಿಮಿಷದ ಕೆಲಸ. ಚಪ್ಪಾಳೆ ಯಾರೂ ಹೊಡೆಯುವುದಿಲ್ಲ, ಆದರೆ ಹೊಡೆಯಬೇಕು ಅಂತ ಅವರಿಗೆ ಅನಿಸಿರುತ್ತದೆ. (ಅನಿಸಿರುತ್ತದೆ ಅಂತ ನನಗೆ ಅನಿಸುತ್ತದೆ.)

ಈಗ ವಿಷಯಕ್ಕೆ ಬರುತ್ತೇನೆ.

ನನ್ನ ಅಣ್ಣನ ಮಗಳು ಪಲ್ಲವಿಯ ಮದುವೆ ನಿಶ್ಚಯವಾಗಿದೆ. ಅಣ್ಣ ತೀರಿಕೊಂಡು ಆರು ವರ್ಷವಾಯಿತು. ಅತ್ತಿಗೆ ಜಯಂತಿ ಹೈಸ್ಕೂಲಿನಲ್ಲಿ ಮ್ಯಾಥ್ಸ್ ಟೀಚರ್. ಬಸವೇಶ್ವರನಗರದ ಮನೆ, ಮಹಡಿಯ ಬಾಡಿಗೆದಾರರು, ಪಲ್ಲವಿಯ ಇಂಜಿನಿಯರಿಂಗ್, ಆಮೇಲೆ ಗಂಡು ನೋಡುವುದು, ಛತ್ರ, ಅಡುಗೆಯವರು, ಎಲ್ಲವನ್ನೂ ಒಬ್ಬರೇ ನಿಭಾಯಿಸಿದರು. ನಾನು? ಹಬ್ಬಕ್ಕೊಂದು ಸಲ ಹೋಗಿ, ಕಾಫಿ ಕುಡಿದು, 'ಏನಾದ್ರೂ ಬೇಕಾದ್ರೆ ಹೇಳಿ ಅತ್ತಿಗೆ' ಎಂದು ಸ್ಕೂಟರ್ ಹತ್ತುತ್ತಿದ್ದೆ. ಅವರು ಏನೂ ಹೇಳಲಿಲ್ಲ, ನಾನೂ ಏನೂ ಮಾಡಲಿಲ್ಲ.

ಈ ಮದುವೆಯಲ್ಲಿ ಅವರು ನನಗೆ ಒಪ್ಪಿಸಿದ್ದು ಒಂದೇ ಕೆಲಸ. 'ಪೇಪರಿಗೆ ಬರೆಯೋನು ನೀನು. ಲಗ್ನಪತ್ರಿಕೆ ಜವಾಬ್ದಾರಿ ನಿಂದೇ ಚಂದ್ರು.'

ಕೂತ ಜಾಗದಲ್ಲೇ ಬರೆಯತೊಡಗಿದೆ. ನಮ್ಮ ಮನೆತನದ ಹಳೇ ಪತ್ರಿಕೆಯೊಂದನ್ನು ಮುಂದಿಟ್ಟುಕೊಂಡು, ಹೆಸರು ಬದಲಿಸಿ, ಮುಹೂರ್ತ ಬದಲಿಸಿ ಮುಗಿಸುತ್ತಿದ್ದೆ. ಅಷ್ಟರಲ್ಲಿ ಮಾಗಡಿ ಕಡೆಯ ನಮ್ಮೂರಿನಿಂದ ದೊಡ್ಡಪ್ಪನ ಫೋನು. ಎಂಬತ್ತು ದಾಟಿದ ಹಿರಿಯರು. ಇಂಥ ವಿಷಯದಲ್ಲಿ ಅವರು ಹೇಳಿದ ಮೇಲೆ ಮುಗಿಯಿತು.

'ಶುಭಕಾರ್ಯದ ಪತ್ರಿಕೆ ಕಣಪ್ಪ. ಕರೆಯೋರ ಜಾಗದಲ್ಲಿ ನಿನ್ ಹೆಸ್ರು, ನಿನ್ ಹೆಂಡ್ತಿ ಹೆಸ್ರು ಇರ್ಲಿ. ಜಯಂತೀದು ಹಾಕ್ಬೇಡ. ಜನ ಆಡ್ಕೋತಾರೆ.'

ಗಂಡ ಇಲ್ಲದ ಹೆಂಗಸಿನ ಹೆಸರಿನಲ್ಲಿ ಮದುವೆಗೆ ಕರೆಯಬಾರದು. ಇದು ನಮ್ಮ ಮನೆತನದ ಪದ್ಧತಿಯಂತೆ. ಇಂಥ ಪದ್ಧತಿಗಳ ಮೇಲೆ ನಾನು ಇದೇ ಅಂಕಣದಲ್ಲಿ ಎಷ್ಟು ಸಲ ಕೆಂಡ ಕಾರಿದ್ದೇನೆ, ನಿಮಗೆ ಗೊತ್ತು. ಫೋನಿನಲ್ಲಿ ಏನೆಂದೆ ಗೊತ್ತಾ? 'ಆಯ್ತು ದೊಡ್ಡಪ್ಪ.'

ಮ್ಯಾಟರನ್ನು ಡಿಟಿಪಿ ಅಂಗಡಿ ನಡೆಸುವ ಮಂಜುಳಾ ಅವರಿಗೆ ವಾಟ್ಸಾಪ್ ಮಾಡಿದೆ. ಕೆಳಗೆ ಒಂದು ಸಾಲು ಸೇರಿಸಿದೆ. 'ಮೇಡಂ, ಅತ್ತಿಗೆ ಹೆಸರು ಬೇಡ. ಅವರೇ ಕೇಳಿದರೆ ಕಾರ್ಡಿನಲ್ಲಿ ಜಾಗ ಸಾಲಲಿಲ್ಲ ಅಂತ ಹೇಳಿ.' ಎಷ್ಟು ನಾಜೂಕು! ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ. ಯಾರಿಗೂ ನೋವಾಗದಂತೆ ಮುಗಿಸಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಪ್ರೂಫ್ ನೋಡುವುದಿತ್ತು. ಒಬ್ಬನೇ ಹೋಗಿ ಓಕೆ ಮಾಡಿ ಬರುವುದು ನನ್ನ ಪ್ಲಾನು. ಆದರೆ ಅತ್ತಿಗೆ ಪಲ್ಲವಿಯ ಜೊತೆ ಅಲ್ಲೇ ಮಾರ್ಕೆಟ್ಟಿಗೆ ಬಂದಿದ್ದರು. 'ಇರು, ನಾವೂ ಬರ್ತೀವಿ. ಕಾರ್ಡಿನ ಬಣ್ಣ ನೋಡ್ಬೇಕು' ಎಂದು ಫೋನ್ ಮಾಡಿದರು.

'ಬಿಸಿಲು ಅತ್ತಿಗೆ, ನೀವ್ಯಾಕೆ ಸುಮ್ನೆ...'

'ನಂಗೇನು ಬಿಸಿಲು ಹೊಸದಾ?'

ಬಂದರು. ನನಗೇನೂ ಚಿಂತೆಯಿರಲಿಲ್ಲ. ಡಿಟಿಪಿ ಅಂಗಡಿ ನೀವು ನೋಡಿದ್ದೀರಲ್ಲ? ಕೌಂಟರಿನ ಆಚೆ ಆಪರೇಟರ್, ಅವರ ಕಡೆಗೇ ಮುಖ ಮಾಡಿದ ಮಾನಿಟರ್. ಮನೆಯ ಯಜಮಾನ ಅನ್ನಿಸಿಕೊಂಡವನು ಒಳಗೆ ಹೋಗಿ, ಆಪರೇಟರ್ ಪಕ್ಕ ನಿಂತು, ಬಗ್ಗಿ ಪಿಸುಗುಡುತ್ತಾನೆ. 'ಅವ್ನ ಹೆಸ್ರು ಕೆಳಗೆ ಹಾಕಿ. ಇವ್ರದ್ದು ತೆಗೀರಿ.' ಉಳಿದವರು ಈಚೆ ಬೆಂಚಿನ ಮೇಲೆ ಸ್ಯಾಂಪಲ್ ಕಾರ್ಡು ಮುಟ್ಟಿ ನೋಡುತ್ತ ಕೂತಿರುತ್ತಾರೆ. ಎಷ್ಟೋ ಮನೆಗಳಲ್ಲಿ ಯಾರು ಮೇಲೆ, ಯಾರು ಕೆಳಗೆ, ಯಾರು ಇಲ್ಲವೇ ಇಲ್ಲ ಎಂಬುದೆಲ್ಲ ತೀರ್ಮಾನವಾಗುವುದು ಆ ಎರಡಡಿ ಜಾಗದಲ್ಲಿ. ಕಾರ್ಡು ಅಚ್ಚಾಗಿ ಬಂದ ಮೇಲೆ ಯಾರು ಏನು ಮಾಡಲಿಕ್ಕಾಗುತ್ತದೆ?

ಮಂಜುಳಾ ಅವತ್ತು ಬೇಸರದಲ್ಲಿದ್ದರು. ಹಳೇ ಕಂಪ್ಯೂಟರ್ ಕೈಕೊಟ್ಟಿತ್ತು, ಹೊಸ ಲ್ಯಾಪ್‌ಟಾಪ್ ತಂದಿದ್ದರು. ಅದರ ಸ್ಕ್ರೀನು ಚಿಕ್ಕದು, ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿತ್ತು. ಹಳೇ ಮಾನಿಟರ್ ಪಕ್ಕದಲ್ಲೇ ಇದೆ, ಕನೆಕ್ಟ್ ಮಾಡಲು ತೂತಿಲ್ಲ. ಕಸ್ಟಮರ್‌ಗಳಿಗೆ ಡಿಸೈನ್ ತೋರಿಸಲೆಂದು ಬೆಂಚಿನ ಎದುರಿನ ಗೋಡೆಗೆ ಒಂದು ಟಿವಿ ಬೇರೆ ಹಾಕಿಸಿದ್ದರು. ಅದೂ ಕಪ್ಪಗೆ ಸುಮ್ಮನಿತ್ತು.

'ಅಷ್ಟೇನಾ ಮೇಡಂ?' ಎಂದು ಜಿಪ್ ಎಳೆದೆ.

ವಿಜಿಎಗೆ ಮಾನಿಟರ್ ಸಿಕ್ಕಿಸಿದೆ, ತಟ್ಟನೆ ಬಂತು. ಎಚ್‌ಡಿಎಂಐಗೆ ಟಿವಿ ಸಿಕ್ಕಿಸಿದೆ. 'ನೋ ಸಿಗ್ನಲ್.' ನಾನು ಹೆದರುವವನೇ? ಪ್ಲಾಸ್ಟಿಕ್ ಕವರ್ ಬಿಚ್ಚದ ರಿಮೋಟ್ ತೆಗೆದುಕೊಂಡು ಸೋರ್ಸ್ ಬದಲಿಸಿದೆ. (ಬಹಳ ಸಲ ಕೇಬಲ್ ಸರಿಯಾಗೇ ಇರುತ್ತದೆ, ಟಿವಿ ಬೇರೆ ತೂತಿನ ಕಡೆ ನೋಡುತ್ತಿರುತ್ತದೆ. ಇದೊಂದು ನೆನಪಿಟ್ಟುಕೊಳ್ಳಿ, ನಿಮ್ಮ ಎಷ್ಟೋ ಮೀಟಿಂಗುಗಳು ಬಚಾವಾಗುತ್ತವೆ.) ಟಿವಿಗೂ ಜೀವ ಬಂತು. ಈಗ ಮೂರು ಕಡೆಯೂ ಒಂದೇ ಚಿತ್ರ.

ಮಂಜುಳಾ ಖುಷಿಯಾದರು. ಮರುಕ್ಷಣವೇ ದನಿ ತಗ್ಗಿಸಿದರು. 'ಸಾರ್, ನಾನು ಓಪನ್ ಮಾಡೋದೆಲ್ಲಾ ಅಲ್ಲೂ ಕಾಣುತ್ತಾ? ಡಿಸೈನ್ ಮಾತ್ರ ಟಿವಿಗೆ ಹೋಗೋ ಥರ ಮಾಡಕ್ಕಾಗಲ್ವಾ?'

ಆಗುತ್ತದೆ. ಎಕ್ಸ್‌ಟೆಂಡ್ ಅಂತ ಒಂದು ಸೆಟ್ಟಿಂಗ್ ಇದೆ. ನಿಮ್ಮದು ನಿಮಗೆ, ತೋರಿಸಬೇಕಾದ್ದು ಮಾತ್ರ ಹೊರಗೆ. ನಾನು ಇಟ್ಟಿದ್ದು ಡೂಪ್ಲಿಕೇಟ್, ಇಲ್ಲಿ ಕಂಡದ್ದೆಲ್ಲ ಅಲ್ಲೂ ಕಾಣುತ್ತದೆ. ಬದಲಿಸಲು ಒಂದು ಕ್ಲಿಕ್ ಸಾಕಿತ್ತು.

'ಯಾಕೆ ಮೇಡಂ ಮುಚ್ಚುಮರೆ? ಕಸ್ಟಮರ್ ಎಲ್ಲಾ ನೋಡ್ಲಿ. ಟ್ರಾನ್ಸ್‌ಪರೆನ್ಸಿ ಇರ್ಬೇಕು' ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. 'ಆದ್ರೂ ಸಾರ್...' ಎಂದರು. ನನಗೆ ಅಡಾಪ್ಟರಿನ ಅಮಲು. 'ನಮ್ ಮ್ಯಾಟರ್ರೇ ಓಪನ್ ಮಾಡೋಣ, ಟೆಸ್ಟ್ ಆಗ್ಲಿ' ಎಂದು ನಾನೇ ಮೌಸ್ ಹಿಡಿದು, ನಾನೇ ವಾಟ್ಸಾಪ್ ತೆರೆದು, ನನ್ನ ಹೆಸರಿನ ಮೇಲೆ ನಾನೇ ಕ್ಲಿಕ್ ಮಾಡಿದೆ.

ಗೋಡೆಯ ಮೇಲೆ ನನ್ನ ನಗುವ ಫೋಟೋ ಬಂತು. ಅದರ ಕೆಳಗೆ ಪತ್ರಿಕೆಯ ಮ್ಯಾಟರು, ಕೊನೆಯಲ್ಲಿ ನನ್ನ ಸಾಲು. 'ಅತ್ತಿಗೆ ಹೆಸರು ಬೇಡ.' ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ದಪ್ಪ.

'ಚಿಕ್ಕಪ್ಪ!' ಎಂದಳು ಪಲ್ಲವಿ. ಅವಳ ಕಣ್ಣು ತುಂಬಿಕೊಂಡಿತ್ತು.

ಅತ್ತಿಗೆ ಬೆಂಚಿನಿಂದ ಎದ್ದರು. ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ನೋಡುವ ಹಾಗೆ ಮೇಲಿನಿಂದ ಓದತೊಡಗಿದರು. ನಾನು ಅಡಾಪ್ಟರನ್ನು ಕಿತ್ತು ಹಾಕಲು ಕೈ ಚಾಚಿದೆ. 'ಬಿಡೋ. ಓದ್ತಾ ಇದೀನಿ' ಎಂದರು.

ಅವರ ಜೊತೆ ನಾನೂ ಓದಿದೆ. 'ದಿವಂಗತ ನಾಗರಾಜು ಅವರ ಪುತ್ರಿ' ಎಂದಿತ್ತು. ತೀರಿಹೋದ ಅಣ್ಣ ಪತ್ರಿಕೆಯಲ್ಲಿದ್ದ. ಎದುರಿಗೆ ನಿಂತಿದ್ದ ಅತ್ತಿಗೆ ಇರಲಿಲ್ಲ. ಬರೆಯುವಾಗ, ತಿದ್ದುವಾಗ, ಕಳಿಸುವಾಗ ಒಂದು ಸಲವೂ ನನಗೆ ಇದು ವಿಚಿತ್ರ ಅನ್ನಿಸಿರಲಿಲ್ಲ.

'ದೊಡ್ಡಪ್ಪ ಹೇಳಿದ್ರು ಅತ್ತಿಗೆ' ಎಂದೆ. ನನ್ನ ದನಿ ನನಗೇ ಅಸಹ್ಯವಾಯಿತು.

'ದೊಡ್ಡಪ್ಪಂಗೆ ವಾಟ್ಸಾಪ್ ಬರಲ್ಲ ಕಣೋ. ಇದು ನಿಂದೇ.'

ಆಮೇಲೆ ಮಂಜುಳಾ ಕಡೆ ತಿರುಗಿದರು. 'ಜಾಗ ಸಾಲಲ್ಲ ಅಂದಿದಾನೆ. ಎಲ್ಲಿ ಸಾಲಲ್ಲ, ಕಾರ್ಡ್ ತೋರ್ಸಮ್ಮ ನೋಡೋಣ.'

ಮಂಜುಳಾ ಕಾರ್ಡ್ ತೆರೆದರು. 'ಶ್ರೀಮತಿ ಗೀತಾ ಮತ್ತು ಶ್ರೀ ಚಂದ್ರಶೇಖರ್ ಇವರು ಮಾಡುವ ವಿಜ್ಞಾಪನೆಗಳು.' ಗೀತಾ ನನ್ನ ಹೆಂಡತಿ. ನನ್ನ ಹೆಸರಿನ ಕೆಳಗೆ ಪೂರ್ತಿ ಒಂದು ಸಾಲಿತ್ತು. 'ಎಂ.ಕಾಂ., ಬ್ಯಾಂಕ್ ತರಬೇತುದಾರರು, ಖ್ಯಾತ ಅಂಕಣಕಾರರು.' ('ಖ್ಯಾತ' ಎಂದು ಸೇರಿಸಿದವರು ಯಾರು ಅಂತ ದಯವಿಟ್ಟು ಕೇಳಬೇಡಿ.)

'ಇಲ್ಲೇ ಇದ್ಯಲ್ಲ ಇಷ್ಟು ದೊಡ್ಡ ಜಾಗ! ಇದನ್ನ ತೆಗೀಮ್ಮ' ಎಂದರು ಅತ್ತಿಗೆ.

ಮಂಜುಳಾ ಬೆರಳು ಒತ್ತಿ ಹಿಡಿದರು. ಟಿವಿಯ ಮೇಲೆ ನನ್ನ ಖ್ಯಾತಿ ಒಂದೊಂದೇ ಅಕ್ಷರವಾಗಿ ಅಳಿಸಿಹೋಯಿತು. ಪಲ್ಲವಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ನಾನೂ ನಗಲು ನೋಡಿದೆ, ಆಗಲಿಲ್ಲ.

'ಮೇಲೆ ಬರಿ. ಶ್ರೀಮತಿ ಜಯಂತಿ ನಾಗರಾಜು ಮಾಡುವ ವಿಜ್ಞಾಪನೆಗಳು. ನನ್ನ ಮಗಳು ಪಲ್ಲವಿಯ ವಿವಾಹವನ್ನು... ಮಿಕ್ಕಿದ್ದು ಹಾಗೇ ಇರ್ಲಿ. ಇವನದು, ಗೀತಂದು ಕೆಳಗೆ ಸುಖಾಗಮನ ಬಯಸುವವರು ಅಂತ ಬರುತ್ತಲ್ಲ, ಅಲ್ಲಿ ಮೊದಲು ಹಾಕು.'

'ಅತ್ತಿಗೆ, ದೊಡ್ಡಪ್ಪ ಮದುವೆಗೇ ಬರದೇ ಹೋದ್ರೆ?' ಎಂದೆ. ನಾಟಕವಲ್ಲ, ನಿಜವಾದ ಭಯ. ಅವರು ಬರದಿದ್ದರೆ ಊರಿನ ಅರ್ಧ ನೆಂಟರು ಬರುವುದಿಲ್ಲ.

'ಮೊದಲನೇ ಕಾರ್ಡ್ ಅವರಿಗೇ. ನಾನೇ ಹೋಗಿ ಕೊಡ್ತೀನಿ. ಬರಲ್ಲ ಅಂತ ನನ್ನ ಮುಖ ನೋಡ್ಕೊಂಡು ಹೇಳ್ಲಿ.' ಇಷ್ಟು ಹೇಳಿ ಕನ್ನಡಕ ತೆಗೆದರು. 'ಆರು ವರ್ಷ ಎಲ್ಲಾ ಕಡೆ ಹಿಂದೆ ನಿಂತ್ಕೊಂಡೆ ಚಂದ್ರು. ಆರತಿಗೆ ಹಿಂದೆ, ಫೋಟೋಗೆ ಹಿಂದೆ. ಬೇಜಾರಾಗ್ಲಿಲ್ಲ ಅಂತಲ್ಲ. ನನ್ನ ಮಗಳ ಮದುವೆಗೆ ಕರೆಯೋಳೂ ನಾನಲ್ಲ ಅಂದ್ರೆ ಹೇಗೋ?'

ಮೂವತ್ತು ವರ್ಷದಿಂದ ಮೈಕ್ ಮುಂದೆ ಮಾತಾಡುವವನ ಬಾಯಲ್ಲಿ ಬಂದದ್ದು ಎರಡೇ ಪದ. 'ತಪ್ಪಾಯ್ತು ಅತ್ತಿಗೆ' ಎಂದೆ. ಅವರು 'ಹೂಂ' ಎಂದು ಕಾರ್ಡಿನ ಬಣ್ಣ ನೋಡಲು ಹೋದರು. ಕ್ಷಮಿಸಿದರೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಪ್ರೂಫ್ ಪ್ರಿಂಟ್ ಬಂತು. ಅದರ ಮೇಲೆ ಸಹಿ ಹಾಕಿದ್ದು ಅತ್ತಿಗೆ. ಹೊರಡುವಾಗ ಮಂಜುಳಾ ಹತ್ತಿರ ಬಂದು ಹೇಳಿದರು. 'ಅದಕ್ಕೇ ಸಾರ್ ನಾನು ಬೇಡ ಅಂದಿದ್ದು. ನಿಮ್ಮ ಥರದ ಮೆಸೇಜು ಎಷ್ಟೊಂದು ಬರುತ್ತೆ ಗೊತ್ತಾ?' ಅಡಾಪ್ಟರ್ ಬಿಚ್ಚಲು ಹೋದೆ, ಬೇರೆ ತರಿಸಿಕೊಳ್ಳುವ ತನಕ ಇರಲಿ ಎಂದರು. 'ಎಕ್ಸ್‌ಟೆಂಡಿಗೆ ಹಾಕ್ಕೊಡ್ಲಾ?' ಎಂದೆ. ಸ್ವಲ್ಪ ಯೋಚಿಸಿ, 'ಹೀಗೇ ಇ‌ರ್ಲಿ ಬಿಡಿ. ಜಗಳ ಆದ್ರೆ ನಿಮ್ಮ ಹೆಸರು ಹೇಳ್ತೀನಿ' ಎಂದು ನಕ್ಕರು.

ನಾನು ಕೆಟ್ಟವನಲ್ಲ. ಈ ಮಾತನ್ನು ಈಗಲೂ ಎದೆ ತಟ್ಟಿ ಹೇಳುತ್ತೇನೆ. ನಾನು ಜಗಳ ಬೇಡ ಎನ್ನುವವನು, ಅಷ್ಟೇ. ಆದರೆ ಇಂಥ ಪದ್ಧತಿಗಳನ್ನು ಇಷ್ಟು ಕಾಲ ಅನ್ನ ಹಾಕಿ ಸಾಕಿದವರು ದೊಡ್ಡಪ್ಪನಂಥ ಹಟಮಾರಿಗಳಲ್ಲ, ನನ್ನಂಥ 'ಜಗಳ ಬೇಡ' ಮಂದಿ ಎಂದು ಈಗ ಖಾತ್ರಿಯಾಗಿದೆ. ಅವರು ಊರಿನಲ್ಲಿ ಕೂತು ಒಂದು ಮಾತು ಹೇಳುತ್ತಾರೆ. ಅದನ್ನು ಟೈಪ್ ಮಾಡಿ, ನಯವಾದ ಒಂದು ಸುಳ್ಳು ಸೇರಿಸಿ, ಸೆಂಡ್ ಒತ್ತುವವರು ನಾವು. ಓದಿದವರು. ಬರೆಯುವವರು. ವೇದಿಕೆ ಸಿಕ್ಕರೆ ಸಮಾನತೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡುವವರು. ನಿಮ್ಮ ಫೋನಿನಲ್ಲೂ ಅಂಥದೊಂದು ಮೆಸೇಜು ಇದ್ದೀತು, ಹುಡುಕಿ ನೋಡಿ.

ಮನೆಗೆ ಬರುವಾಗ ಒಂದೇ ಅಳುಕು. ಗೀತಾಗೆ ಹೇಗೆ ಹೇಳುವುದು? ಪತ್ರಿಕೆಯಲ್ಲಿ ಮೊದಲ ಹೆಸರು ತನ್ನದೇ ಎಂದು ತಂಗಿಯರಿಗೆಲ್ಲ ಫೋನ್ ಮಾಡಿ ಹೇಳಿಕೊಂಡಿದ್ದಳು. ಈಗ ಕೆಳಗೆ ಹೋಗಿದೆ. ಮುನಿಸಿಕೊಂಡರೆ ಎರಡು ದಿನ ಊಟ ಬಡಿಸುವ ಸದ್ದೇ ಬೇರೆಯಾಗುತ್ತದೆ.

ಸೊಪ್ಪು ಬಿಡಿಸುತ್ತ ಕೂತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ, ಮೆಸೇಜಿನ ಸಾಲನ್ನೂ ಬಿಡದೆ. ಬೈಯಲಿಲ್ಲ. 'ಒಳ್ಳೇದೇ ಆಯ್ತು' ಎಂದಳು. ಒಳಗೆ ಪಿಯುಸಿ ಓದುತ್ತಿರುವ ನಮ್ಮ ಮಗಳ ರೂಮಿನ ಕಡೆ ಒಂದು ಸಲ ನೋಡಿದಳು. ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟು ಕೇಳಿದಳು.

'ರೀ, ಅವಳ ಮದುವೆ ಹೊತ್ತಿಗೆ ನೀವಿಲ್ಲ ಅಂದ್ಕೊಳ್ಳಿ. ಆಗ ನನ್ನ ಹೆಸರು ಬೇಡ ಅಂತ ಮೆಸೇಜ್ ಕಳಿಸೋರು ಯಾರು?'