ಎಡಗೈಯಲ್ಲಿ ಹೆಚ್ಚಿದ ಸೇಬು

ಬೆಳಗಿನ ಬಿಸಿಲು ಕಾರ್ಖಾನೆಯ ತಗ್ಗು ಕಿಟಕಿಯಿಂದ ಓರೆಯಾಗಿ ನುಗ್ಗಿ ಉದ್ದನೆಯ ಮೇಜಿನ ಮೇಲೆ ಬೀಳುತ್ತದೆ. ಅದು ಹಾಗೆ ಬೀಳುವುದು ಸ್ವಲ್ಪ ಹೊತ್ತು ಮಾತ್ರ. ಅದಕ್ಕೇ ಅಂಚಕ್ಕ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಾರೆ. ಮಡಚುವ ಪುಟ್ಟ ಚಾಕುವೊಂದನ್ನು ಬಿಚ್ಚಿ, ಅದರ ಬಾಯಿಯನ್ನು ಬೆಳಕಿಗೆ ಎದುರು ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಪಕ್ಕದಲ್ಲಿ ಕೂತ ನಾನೂ ಒಂದು ಕಣ್ಣು ಮುಚ್ಚುತ್ತೇನೆ.

“ಏನೂ ಕಾಣಿಸ್ತಿಲ್ಲ ತಾನೆ? ಹಾಗಿದ್ರೆ ಅದು ಹರಿತ,” ಎಂದು ನಗುತ್ತಾರೆ. “ಚೂಪಾದ ಅಂಚಿನ ಮೇಲೆ ಬೆಳಕು ಕೂರೋಕೆ ಜಾಗಾನೇ ಇರಲ್ಲ. ಎಲ್ಲಿ ಮೊಂಡೋ ಅಲ್ಲಿ ಹೊಳೆಯುತ್ತೆ.”

ಆಮೇಲೆ ಇನ್ನೊಂದು ಚಾಕು ತೆಗೆದು ಸೇಬು ಹೆಚ್ಚುತ್ತಾರೆ, ಎಡಗೈಯಲ್ಲಿ. ಹೋಳುಗಳು ಒಂದು ದಪ್ಪ, ಒಂದು ತೆಳ್ಳಗೆ. ಎಡಚರಿರಬೇಕು, ಆದರೂ ಇಷ್ಟು ವರ್ಷದ ಅನುಭವಕ್ಕೆ ಕೈ ಇನ್ನೂ ಪಳಗಿಲ್ಲವೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. ಆ ಚಾಕುವನ್ನು ಒರೆಸಿ ಬೆಳಕಿಗೆ ಹಿಡಿದಾಗ ತುದಿಯ ಹತ್ತಿರ ಒಂದು ಬಿಳಿ ಚುಕ್ಕಿ ನನಗೂ ಕಾಣುತ್ತದೆ. ಏನೋ ಕಂಡುಹಿಡಿದವರಂತೆ ಬೆರಳು ತೋರಿಸುತ್ತೇನೆ.

“ಇದೆ, ಇದೆ. ಇರಲಿ ಬಿಡಿ,” ಎನ್ನುತ್ತಾ ಅವರು ಅದನ್ನು ಮಸೆಯದೆ ಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಳ್ಳುತ್ತಾರೆ. ಕೂದಲೆಳೆಯಷ್ಟು ಹೊಳಪಿದ್ದರೂ ಚಾಕುವನ್ನು ವಾಪಸು ಕಳಿಸುವ ಹೆಂಗಸು ಎಂದು ಕೇಳಿ, ಇವರ ಬಗ್ಗೆ ಬರೆಯಲು ಬಂದ ನನಗೆ ಇದು ವಿಚಿತ್ರವೆನಿಸುತ್ತದೆ.

ಜೇಬಿನಲ್ಲಿ ಇಟ್ಟುಕೊಳ್ಳುವ ಸಣ್ಣ ಚಾಕುಗಳನ್ನು ತಯಾರಿಸುವ ಜಾಗ ಇದು. ಸಾಣೆಯಿಂದ ಇಳಿದ ಪ್ರತಿಯೊಂದು ಅಲಗೂ ಈ ಮೇಜು ದಾಟಿಯೇ ಹೊರಗೆ ಹೋಗಬೇಕು. ದಿನಕ್ಕೆ ನೂರಾರು ಅಂಚುಗಳನ್ನು ನೋಡುತ್ತಾರೆ ಎಂದೇ ಇವರಿಗೆ ಅಂಚಕ್ಕ ಎಂಬ ಹೆಸರು ಬಿದ್ದಿದೆ. ಹೊಸ ಮಾದರಿ ಬಂದಾಗ ಯಾವ ಉಕ್ಕು, ಅಲಗಿಗೆ ಯಾವ ಆಕಾರ ಎಂದು ಹೋಲಿಸಿ ಹೇಳುವುದೂ ಇವರೇ. ಚಾಕು ಕೊಳ್ಳುವವರಿಗೆ ಹೀಗೊಬ್ಬರು ಇದ್ದಾರೆ ಎಂಬ ಸುಳಿವೂ ಇರುವುದಿಲ್ಲ.

“ಅಲಗಲ್ಲಿ ಮೂರು ಜಾತಿ,” ಎಂದು ನನ್ನ ಮುಂದೆ ಮೂರು ಚಾಕು ಸಾಲಾಗಿ ಇಡುತ್ತಾರೆ. “ಇದಕ್ಕೆ ಹೊಟ್ಟೆ ಒಳಗೆ ಹೋಗಿದೆ. ಇದು ಚಪ್ಪಟೆ. ಇದಕ್ಕೆ ಹೊಟ್ಟೆ ಬಂದಿದೆ, ನಮ್ಮ ಯಜಮಾನ್ರ ಹಾಗೆ.”

ನಾನೂ ಒಂದು ಸೇಬು ಹಿಡಿದು ಕೂರುತ್ತೇನೆ. ಒಳಬಾಗಿದ ಅಲಗು ಸಿಪ್ಪೆಯ ಮೇಲೆ ಇಟ್ಟ ಕೂಡಲೇ ಇಳಿಯುತ್ತದೆ. ಹೊಟ್ಟೆ ಬಂದದ್ದು ಸೇಬನ್ನು ಹೆಚ್ಚುವ ಬದಲು ಚಟ್ಟೆಂದು ಸೀಳುತ್ತದೆ. ಕಟ್ಟಿಗೆ ಕೆತ್ತುವವರಿಗೆ ಅದೇ ಒಳ್ಳೆಯದಂತೆ. ಚಪ್ಪಟೆಯದು ಯಾವ ಆಡಂಬರವೂ ಇಲ್ಲದೆ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಉಕ್ಕಿನಲ್ಲಿಯೂ ಇಲ್ಲಿ ಎರಡು ಬಗೆ. ಬಿಳಿ ಸ್ಟೀಲಿಗೆ ತುಕ್ಕು ಹತ್ತದು, ಹರಿತ ಬಹಳ ದಿನ ನಿಲ್ಲುತ್ತದೆ. ಆದರೆ ಗಡಸು ಹೆಚ್ಚಾದ್ದರಿಂದ ತೆಳ್ಳಗಿನ ಅಂಚು ತಿರುಚಿದರೆ ಚಕ್ಕೆ ಏಳುತ್ತದೆ. ಕಪ್ಪು ಸ್ಟೀಲು ಅಷ್ಟು ಸುಲಭವಾಗಿ ಮುರಿಯದು, ನಾಲ್ಕು ಸಲ ಕಲ್ಲಿಗೆ ಉಜ್ಜಿದರೆ ಮತ್ತೆ ಹರಿತ. ಹಣ್ಣಿನ ರಸ ಒರೆಸದೆ ಬಿಟ್ಟರೆ ಮಾತ್ರ ಕಲೆ ಕಟ್ಟುತ್ತದೆ.

“ಯಾವುದು ಒಳ್ಳೇದು?” ಎಂದು ಕೇಳುತ್ತೇನೆ.

“ಯಾರ ಕೈಗೆ?” ಎಂದು ಅವರು ತಿರುಗಿ ಕೇಳುತ್ತಾರೆ. ಚಾಕುಗಳನ್ನು ಒಂದೊಂದಾಗಿ ಮಡಚುತ್ತಾ, “ಆ ಪ್ರಶ್ನೆ ನಾನೂ ತಡವಾಗೇ ಕಲಿತದ್ದು,” ಎನ್ನುತ್ತಾರೆ.

ಅಂಚಕ್ಕ ಇಲ್ಲಿಗೆ ಸೇರಿದ್ದು ಚಾಕುಗಳನ್ನು ಕಾಗದದಲ್ಲಿ ಸುತ್ತಿಡುವ ಕೆಲಸಕ್ಕೆ. ಅವರ ಅಣ್ಣ ಇಲ್ಲಿಯೇ ಸಾಣೆ ಹಿಡಿಯುತ್ತಿದ್ದರು. ಸಾಣೆಯ ಗದ್ದಲದಲ್ಲಿ ಕಿವಿಯ ಹತ್ತಿರ ಕೂಗಿ ಕೂಗಿ ತಂಗಿಗೆ ಅಂಚು ನೋಡಲು ಕಲಿಸಿದವರು ಅವರೇ. “ಕಲಿಸಿದ್ದಕ್ಕಿಂತ ಬೈದದ್ದೇ ಜಾಸ್ತಿ. ತುದಿ ನೋಡು, ತುದಿ ನೋಡು ಅಂತ ಜೀವ ತಿಂತಿದ್ದ.” ಕಲಿಯುವಾಗ ಕೊಯ್ದುಕೊಂಡ ಗಾಯದ ಗುರುತುಗಳು ಹೆಬ್ಬೆರಳಿನ ತುಂಬ ಇವೆ.

ಹೋದ ವರ್ಷದಿಂದ ಅಣ್ಣನ ಕೈ ನಡುಗುತ್ತಿದೆ. ಸಾಣೆ ಬಿಟ್ಟು ಮನೆ ಸೇರಿದ್ದಾರೆ. “ಕೆಲಸ ಹೋದದ್ದಕ್ಕೆ ಅಷ್ಟು ಬೇಜಾರಿಲ್ಲ ಅವನಿಗೆ. ಊಟ ಆದ್ಮೇಲೆ ಜೇಬಿಂದ ಚಾಕು ತೆಗೆದು ಎಲ್ಲರಿಗೂ ಹಣ್ಣು ಹೆಚ್ಚಿ ಕೊಡೋದು ಅವನ ಪದ್ಧತಿ. ಅತ್ತಿಗೆ ಹೆದರಿ ಚಾಕುನೆಲ್ಲ ಬಚ್ಚಿಟ್ರು. ಅವತ್ತಿಂದ ಹಣ್ಣು ಮುಟ್ಟಿಲ್ಲ. ಮಾತೂ ಕಮ್ಮಿ ಆಯ್ತು.”

ತಂಗಿ ಸುಮ್ಮನೆ ಕೂರಲಿಲ್ಲ. ಅತ್ತಿಗೆಯ ಕೈಕಾಲು ಹಿಡಿದು ಒಪ್ಪಿಸಿ, ತನಗೆ ಗೊತ್ತಿದ್ದ ಅತ್ಯುತ್ತಮ ಚಾಕುವನ್ನೇ ಒಯ್ದರು: ಬಿಳಿ ಸ್ಟೀಲು, ಹೊಟ್ಟೆ ಒಳಗೆ ಹೋದದ್ದು. ಬೀಜದ ಹತ್ತಿರ ಬರುವಾಗ ಅಣ್ಣನ ಕೈ ತಿರುಚಿತು, ಅಂಚಿನಿಂದ ಚಕ್ಕೆ ಎದ್ದು ಹಣ್ಣಿನೊಳಗೆ ಉಳಿಯಿತು. ಅತ್ತಿಗೆ ತಟ್ಟೆಯನ್ನೇ ಎತ್ತಿಕೊಂಡು ಹೋದರು. ಅಣ್ಣ ಎದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

“ನಂದೇ ತಪ್ಪು. ಚಾಕುನ ನನ್ನ ಕೈಗೆ ಆರಿಸಿದ್ದೆ. ನನ್ನ ಬಲಗೈ ಎಂಥ ಚಾಕುನಾದ್ರೂ ಸಂಭಾಳಿಸಿಬಿಡುತ್ತೆ. ಅದಕ್ಕೇ ಎಡಗೈಗೆ ಕೊಟ್ಟೆ. ಎಡಗೈ ಅವನ ಕೈಯಷ್ಟೇ ಪೆದ್ದು.”

ಎಡಗೈಯ ಗುಟ್ಟು ನನಗೆ ಆಗ ತಿಳಿಯುತ್ತದೆ, ಬೆಳಿಗ್ಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಗುತ್ತದೆ. ತಿಂಗಳುಗಟ್ಟಲೆ ಎಡಗೈಯಲ್ಲಿ ಹೋಲಿಸಿ ನೋಡಿದ ಮೇಲೆ ಉಳಿದದ್ದು ಕಪ್ಪು ಸ್ಟೀಲಿನ ಚಪ್ಪಟೆ ಅಲಗು, ಹಿಡಿ ಸ್ವಲ್ಪ ದಪ್ಪ. ಚೀಲದಲ್ಲಿರುವುದು ಅದೇ. ಅತ್ತಿಗೆ ಇನ್ನೊಂದು ಸಲಕ್ಕೆ ಒಪ್ಪಿದ್ದಾರೆ, ಆದರೆ ಇದೇ ಕೊನೆ ಎಂದಿದ್ದಾರೆ.

ಸಂಜೆ ನಾನೂ ಜೊತೆಗೆ ಹೋಗುತ್ತೇನೆ. ಗಾಯವಾದರೆ ಕಟ್ಟಲೆಂದು ಅತ್ತಿಗೆ ಕೈಯಲ್ಲಿ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಅಣ್ಣ ಚಾಕು ತೆಗೆದುಕೊಳ್ಳುತ್ತಾರೆ. ಕೈ ನಡುಗುತ್ತದೆ, ಚಾಕುವೂ ನಡುಗುತ್ತದೆ, ಆದರೂ ಅಲಗು ಸೇಬಿನೊಳಗೆ ಇಳಿಯುತ್ತದೆ. ಬೀಜದ ಹತ್ತಿರ ಕೈ ತಿರುಚುತ್ತದೆ. ಅಲಗು ಅಲ್ಲಾಡಿ ದಾಟುತ್ತದೆ. ಮೊದಲ ಹೋಳು, ದಪ್ಪ ಸೊಟ್ಟ ಹೋಳು, ಹೆಂಡತಿಯ ಕಡೆ ಚಾಚುತ್ತಾರೆ. ಆಕೆ ಅದನ್ನು ತಿನ್ನುತ್ತಾರೆ. ಒಳಗೆ ಹೋಗಿ ಇನ್ನೊಂದು ಸೇಬು ತಂದು ಗಂಡನ ಮುಂದೆ ಇಡುತ್ತಾರೆ.

ಅಣ್ಣ ಅಲಗನ್ನು ಅಂಗಿಗೆ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಮುಖ ಸಿಂಡರಿಸುತ್ತಾರೆ.

“ತುದಿ ಹೊಳೀತಿದೆ. ಇಷ್ಟು ವರ್ಷ ಆದ್ರೂ ಬುದ್ಧಿ ಬರಲಿಲ್ವಲ್ಲೇ ನಿಂಗೆ? ಕಲ್ಲು ತಂದುಕೊಡು, ನಾನೇ ಮಸೀತೀನಿ.”

ತಂಗಿ ತಲೆ ತಗ್ಗಿಸಿ ಬೈಸಿಕೊಳ್ಳುತ್ತಾರೆ. ಬೀದಿಗೆ ಬಂದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತಾರೆ.

“ಅವನು ಕಂಡುಹಿಡೀಲಿ ಅಂತಲೇ ಬಿಟ್ಟಿದ್ದೆ.”