ಉಪಚಾರದ ಕಾಯಿಗಳು

ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರ ಬೋಳುತಲೆಯ ಮೇಲೆ ಸೀಮೆಸುಣ್ಣದ ಬೆರಳಚ್ಚು ಸದಾ ಇರುತ್ತಿತ್ತು. ಯೋಚನೆಗೆ ಬಿದ್ದರೆ ಬರೆಯುವ ಕೈಯಲ್ಲೇ ತಲೆ ಸವರಿಕೊಳ್ಳುತ್ತಿದ್ದರು. ತುಮಕೂರಿನ ಕಾಲೇಜಿನಲ್ಲಿ ನಾವೆಲ್ಲ ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಇಷ್ಟು ಒಳ್ಳೆಯ ಮನುಷ್ಯ ನನಗೆ ಹೀಗೆ ಮಾಡಿದರಲ್ಲ ಎಂದು ಇವತ್ತಿಗೂ ಅನ್ನಿಸುತ್ತದೆ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ಅವರೇ ವಿಷಯ ಕೊಟ್ಟರು. ಒಂದು ಕಂಪನಿಯ ಗೊಬ್ಬರ ಹಾಕಿದರೆ ಸುಲಿದ ತೆಂಗಿನಕಾಯಿಯ ಸರಾಸರಿ ತೂಕ ಮಾಮೂಲಿನ ಅರ್ಧ ಕೆಜಿ ದಾಟುತ್ತದಂತೆ, ನಿಜವೋ ಸುಳ್ಳೋ ನೋಡಬೇಕು. ತೋಟದ ಕಾಯನ್ನೆಲ್ಲ ತೂಗುವುದು ಆಗದ ಮಾತು. ಒಂದಷ್ಟನ್ನು ತೂಗಿ ಇಡೀ ತೋಟದ ಬಗ್ಗೆ ಹೇಳಬೇಕು.

"ಗೊಬ್ಬರದಿಂದ ಏನೂ ಆಗಿಲ್ಲ ಅಂತಲೇ ಶುರು ಮಾಡಮ್ಮ. ಆಗಿದೆ ಅಂತ ಕಾಯಿಗಳೇ ನಿನ್ನ ಒಪ್ಪಿಸ್ಲಿ. ಚೂರು ಜಾಸ್ತಿ ಬಂತು ಅಂತ ಕುಣೀಬೇಡ, ಅದು ಅದೃಷ್ಟಕ್ಕೂ ಬರುತ್ತೆ," ಎಂದರು.

ಆ ಗೊಬ್ಬರ ಹಾಕಿದ್ದ ಪ್ರಯೋಗದ ತೋಟ ಗುಬ್ಬಿ ಹತ್ತಿರ, ನಮ್ಮ ದೊಡ್ಡಪ್ಪನ ಊರಿನಲ್ಲೇ ಇತ್ತು. ಅಲ್ಲಿ ಬಂದವರ ಕೈಗೆ ಸಣ್ಣ ಕಾಯಿ ಕೊಟ್ಟರೆ ಮರ್ಯಾದೆ ಹೋದಂತೆ. ತೋಟದ ಅಜ್ಜಿ ರಾಶಿಯೆಲ್ಲ ಹುಡುಕಿ ದಪ್ಪ ದಪ್ಪ ಕಾಯಿ ತಂದು ಮುಂದಿಟ್ಟರು.

"ಕಾಲೇಜ್ನವ್ರು ಬಂದವ್ರೆ, ಚಿಕ್ಕವು ಕೊಡಕ್ಕಾಯ್ತದಾ?"

"ಇವು ಮನೆಗೆ ತಗೊಂಡೋಗ್ತೀವಿ ಕಣಮ್ಮ, ತೂಗಕ್ಕೆ ಬೇಡ," ಎಂದು ಮೇಷ್ಟ್ರು ಅವನ್ನು ಬೇರೆ ಚೀಲಕ್ಕೆ ಹಾಕಿಸಿದರು. ಕಾಯಿಗಳಿಗೆ ನಂಬರ್ ಬರೆದು, ಚೀಟಿ ಎತ್ತಿ, ಬಂದವನ್ನಷ್ಟೇ ತೂಗಿದೆವು. ಅವರ ಮೇಲಿನ ಗೌರವ ಅವತ್ತು ದುಪ್ಪಟ್ಟಾಯಿತು.

ಸರಾಸರಿ ಅರ್ಧ ಕೆಜಿಗಿಂತ ಕೂದಲೆಳೆಯಷ್ಟು ಹೆಚ್ಚಿತ್ತು. ಲೆಕ್ಕ ಹಾಕಿದರೆ, ಅಷ್ಟು ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬರಬಹುದಿತ್ತು. ಗೊಬ್ಬರ ಕೆಲಸ ಮಾಡಿದೆ ಎನ್ನಲು ಆಧಾರವಿಲ್ಲ ಎಂದು ಬರೆದುಕೊಟ್ಟೆ.

ಆಮೇಲೆ ಅದೇ ಊರಿನಲ್ಲಿ ಕಂಪನಿಯವರು ರೈತರ ಸಭೆ ಕರೆದರು. ವೇದಿಕೆಯ ಮೇಲೆ ಮೇಷ್ಟ್ರು. ಸರಾಸರಿ ಚೆನ್ನಾಗಿ ಏರಿದೆ, ಗೊಬ್ಬರ ಪರೀಕ್ಷೆಯಲ್ಲಿ ಗೆದ್ದಿದೆ ಎಂದು ಹೇಳಿ, "ತೂಗಿದ್ದು ನಿಮ್ಮೂರ್ ಹುಡುಗೀನೇ," ಎಂದು ನನ್ನತ್ತ ಕೈ ತೋರಿಸಿದರು. ಊರೆಲ್ಲ ಚಪ್ಪಾಳೆ ತಟ್ಟಿತು. ಅವರು ಕೆಳಗಿಳಿದ ಮೇಲೆ ಕೇಳಿದೆ.

"ಸರ್, ಆ ತೂಕ ಎಲ್ಲಿಂದ ಬಂತು?"

"ಅಜ್ಜಿ ಕೊಟ್ಟ ಕಾಯೀನೂ ಸೇರಿಸ್ದೆ ಕಣಮ್ಮ. ಅವೂ ಅದೇ ತೋಟದ್ದಲ್ವಾ?" ಎಂದರು. ನನ್ನ ಮುಖ ನೋಡಲಿಲ್ಲ.

ಅವತ್ತು ಸಂಜೆಯೇ ದೊಡ್ಡಪ್ಪನಿಗೆ ಎಲ್ಲ ಹೇಳಿ, ನಂಬಬೇಡಿ ಎಂದೆ. "ಅಲ್ಲಿ ಚಪ್ಪಾಳೆ ಹೊಡೆಸ್ಕಂಡು ಇಲ್ಲಿ ಹಿಂಗಂತೀಯಲ್ಲವ್ವ, ಯಾವುದ್ನ ನಂಬ್ಲಿ?" ಎಂದರು. ಊರಿನವರ ಜೊತೆ ತಾವೂ ಆ ಗೊಬ್ಬರ ಹಾಕಿದರು. ಕಾಯಿ ಇದ್ದ ಹಾಗೇ ಇದ್ದವು.

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ತುಮಕೂರು ಸದಾಶಿವನಗರದ ಅವರ ಮನೆಗೆ ಹೋಗಿ ಹಾರ ಹಾಕಿ ಬಂದೆ, ಅಳು ಬರಲಿಲ್ಲ. ಕುಣಿಗಲ್ಲಿನಲ್ಲಿ ನಾನೀಗ ಪಾಠ ಮಾಡಿ ಅನ್ನ ತಿನ್ನುತ್ತಿರುವುದು ಅವರು ಕೊಟ್ಟ ವಿದ್ಯೆಯಿಂದಲೇ, ಅದನ್ನು ಇಲ್ಲವೆನ್ನಲಾರೆ.

ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪ ಹೊಸದೊಂದು ಹಿಂಡಿ ಗೊಬ್ಬರ ಹಾಕಲೋ ಬೇಡವೋ ಎಂದು ಪಕ್ಕದ ತೋಟದವರನ್ನು ವಿಚಾರಿಸುತ್ತಿದ್ದರು. "ನಾನು ತೂಗಿ ನೋಡಿ ಹೇಳ್ತೀನಿ ದೊಡ್ಡಪ್ಪ," ಎಂದೆ.

"ಬುಡವ್ವ, ನೀನ್ ತೂಗಿದ್ದ ಒಂದ್ಸಲ ನೋಡಿದೀವಲ್ಲ," ಎಂದು ಅವರು ಮಾತು ಮುಂದುವರಿಸಿದರು.