ಮುಖ ನೋಡದೆ ಹಾಕಿದ ಲೆಕ್ಕ

ಮೈ ಅಳೆದು ಹೊಲಿಯುವುದು ನನ್ನ ಕಸುಬು. ಮೈ ನೋಡದೆಯೇ ಹೊಲಿಯುವುದು ನನ್ನ ತಂಗಿಯ ಕಸುಬು. ಅವಳು ಭೌತವಿಜ್ಞಾನಿ, ಕಾಗದದ ಮೇಲೆ ಲೆಕ್ಕ ಹಾಕುವವಳು, ಯಂತ್ರ ಮುಟ್ಟುವವಳಲ್ಲ. ಕೇಯಾನ್ ಎಂಬ ಕಣವೊಂದಿದೆಯಂತೆ, ಹುಟ್ಟಿ ಕಣ್ಣು ಮಿಟುಕಿಸುವುದರೊಳಗೆ ಒಡೆದುಹೋಗುತ್ತದಂತೆ. ಸುಮಾರು ಸಾವಿರ ಕೋಟಿಯಲ್ಲಿ ಒಂದು ಮಾತ್ರ ತೀರಾ ಅಪರೂಪದ ರೀತಿಯಲ್ಲಿ ಒಡೆಯುತ್ತದೆ. ಅದು ಎಷ್ಟು ಅಪರೂಪ ಎಂದು ಮುಂಚಿತವಾಗಿ ಹೇಳುವುದೇ ಇವಳ ಜೀವಮಾನದ ಕೆಲಸ.

"ಬೆಟ್ಟ ಅಗೆದು ಇಲಿ ಹಿಡೀತೀಯಲ್ಲೇ" ಎಂದು ಛೇಡಿಸಿದರೆ, "ಇಲಿ ಎಷ್ಟಿವೆ ಅಂತ ಹೇಳೋದಷ್ಟೇ ನಾನು. ಅಗೆಯೋದು ಇವರು" ಎಂದು ಗಂಡನ ಕಡೆ ಕೈ ತೋರಿಸುತ್ತಾಳೆ.

ನಿಜವೇ. ಮದುವೆಗೂ ಮುಂಚಿನಿಂದ ಅವನು ಆ ಅಪರೂಪದ ಒಡೆತಗಳನ್ನು ಎಣಿಸುವ ದೊಡ್ಡ ಯಂತ್ರದ ಹತ್ತಿರ ಕೆಲಸ ಮಾಡುತ್ತಿದ್ದಾನೆ. ಅವರ ಎಣಿಕೆಗೂ ಇವಳ ಲೆಕ್ಕಕ್ಕೂ ತಾಳೆಯಾಗದಿದ್ದರೆ, ಯಾರಿಗೂ ಗೊತ್ತಿಲ್ಲದ್ದೇನೋ ಲೋಕದಲ್ಲಿದೆ ಎಂದರ್ಥ. ಕೊನೆಗೆ ಎರಡೂ ಹೆಚ್ಚುಕಡಿಮೆ ತಾಳೆಯಾದವು, ಆ ಮಾತು ಬಿಡಿ; ನಾನು ಹೇಳಹೊರಟದ್ದು ಅದಕ್ಕೆ ಮುಂಚಿನದು.

ಎಣಿಸುವವರು ತಮ್ಮ ಆಸೆಗೆ ತಾವೇ ಮರುಳಾಗಬಾರದೆಂದು ಮುಖ್ಯ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಮುಚ್ಚಿಟ್ಟಿರುತ್ತಾರೆ. ಎಲ್ಲ ಪರೀಕ್ಷೆಯೂ ಮುಗಿದ ಮೇಲೆ ಒಂದು ದಿನ ಎಲ್ಲರೂ ಸೇರಿ ಅದನ್ನು ತೆರೆಯುತ್ತಾರೆ. ಆ ದಿನಕ್ಕಾಗಿ ಅವನು ವರ್ಷಗಟ್ಟಲೆ ಕಾದಿದ್ದ. ದಿನ ಹತ್ತಿರ ಬಂದರೂ ತಂಗಿಯ ಲೆಕ್ಕ ಮುಗಿದಿರಲಿಲ್ಲ. ಆ ಲೆಕ್ಕದಲ್ಲಿ ಚಾರ್ಮ್ ಕ್ವಾರ್ಕ್ ಎಂಬ ಇನ್ನೊಂದು ಕಣದ ಪಾಲನ್ನು ಎರಡು ಬಗೆಯಲ್ಲಿ ಹಿಡಿಯಬಹುದಿತ್ತು. ಒಂದರಲ್ಲಿ ಉತ್ತರ ತುಸು ಹೆಚ್ಚು, ಇನ್ನೊಂದರಲ್ಲಿ ತುಸು ಕಡಿಮೆ. ಮಾಹಿತಿ ತೆರೆದ ಮೇಲೆ ಗಂಡನಿಗೆ ಎಣಿಕೆ ಗೊತ್ತಾಗುತ್ತದೆ; ಬಾಯಿಗೆ ಬೀಗ ಹಾಕಿಕೊಂಡಾನು, ಆದರೆ ಅವನ ಹೊಟ್ಟೆಯಲ್ಲಿದ್ದದ್ದೆಲ್ಲ ಮುಖದಲ್ಲಿ ಕಾಣುತ್ತದೆ. ಒಮ್ಮೆ ಆ ಮುಖ ಓದಿಬಿಟ್ಟರೆ ತನ್ನ ಕೈ ತಾನಾಗಿ ಆ ಕಡೆಗೇ ಜಾರುತ್ತದೆ, ಆಮೇಲೆ ಆ ಲೆಕ್ಕ ಮೂರು ಕಾಸಿಗೂ ಬೇಡ ಎಂಬುದು ಅವಳ ಹೆದರಿಕೆ. ಸೂಟ್‌ಕೇಸ್ ಹಿಡಿದು ನನ್ನ ಮನೆಗೆ ಬಂದಳು.

ನನ್ನ ಜೊತೆಗಿರುವ ಅಮ್ಮ ಬಾಗಿಲಲ್ಲೇ ಅಡ್ಡ ನಿಂತಳು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣೇ. ವಾಪಸ್ ಹೋಗು."

"ಜಗಳ ಅಲ್ಲಮ್ಮ. ಸ್ವಲ್ಪ ದಿನ ಅವರ ಮುಖ ನೋಡಬಾರದು, ಅಷ್ಟೇ."

"ಮುಖ ನೋಡಬಾರದಂತೆ! ಜಗಳ ಅಂದ್ರೆ ಇನ್ನೇನು ಮತ್ತೆ?"

ಅವರು ಮಾಹಿತಿ ತೆರೆದ ಮಾರನೆಯ ದಿನ ಅವನು ಬಂದ. ಅವಳು ಕನ್ನಡಕ ಮರೆತು ಬಂದಿದ್ದಳು. ಗೇಟಿನ ಹತ್ತಿರ ರಸ್ತೆಗೆ ಮುಖ ಮಾಡಿ, ನಮಗೆ ಬೆನ್ನು ತೋರಿಸಿ ನಿಂತು ಕನ್ನಡಕವನ್ನು ಹಿಂದಕ್ಕೆ ಚಾಚಿದ. ಎದುರುಮನೆಯ ಕಿಟಕಿ ತಕ್ಷಣ ತೆರೆಯಿತು.

"ಸರಿಯಾಗಿ ಊಟ ಮಾಡ್ತಾಳಾ, ಅಕ್ಕ?" ಎಂದು ರಸ್ತೆಯನ್ನೇ ಕೇಳಿದ.

ತಿರುಗಿ ನೋಡಿದರೆ ತಂಗಿ ಬಾಗಿಲ ಹಿಂದೆ ಪರದೆ ಹಿಡಿದು ನಿಂತಿದ್ದಳು. ಕೊಂಚ ಸರಿಸಿ ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನಾಗಿದ್ದರೆ ಖಂಡಿತ ಕೂಗುತ್ತಿದ್ದೆ. ಅವಳು ಪರದೆ ಬಿಟ್ಟು ಒಳಗೆ ಹೋಗಿ, ನಾನು ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಕೂತು ಅತ್ತಳು. ಕಾಣದ ಕಣಕ್ಕಾಗಿ ಇದೆಂಥ ವನವಾಸ ಎಂದು ನನಗೆ ಸಿಟ್ಟು ಬಂತು. ಅವಳ ಮೇಲೆ ಹೆಮ್ಮೆಯೂ ಆಯಿತು.

ಎಷ್ಟೋ ಹಾಳೆ ಹರಿದ ಮೇಲೆ ಉತ್ತರ ಕಡಿಮೆ ಬರುವ ದಾರಿಯೇ ಸರಿ ಎಂದು ಅವಳಿಗೆ ಖಾತ್ರಿಯಾಯಿತು. ಲೆಕ್ಕವನ್ನು ಎಲ್ಲರೂ ಓದುವಂತೆ ಅಂತರ್ಜಾಲದಲ್ಲಿ ಹಾಕಿದಳು. ಮರುದಿನವೇ ಯಂತ್ರದವರು ತಮ್ಮ ಅಂಕಿಯನ್ನು ಸಭೆಯಲ್ಲಿ ಹೇಳುವುದಿತ್ತು. ಬೆಳಿಗ್ಗೆ ಅವಳನ್ನು ಕರೆದೊಯ್ಯಲು ಅವನು ಬಂದ, ಮತ್ತೆ ಬೆನ್ನು ತೋರಿಸಿಯೇ ನಿಂತ.

"ಮುಗೀತು. ಈ ಕಡೆ ತಿರುಗಿ" ಎಂದಳು.

ತಿರುಗಿದ. ಗಡ್ಡ ಬೆಳೆದಿತ್ತು. ಅವಳು ಬಹಳ ಹೊತ್ತು ನೋಡಿದಳು.

"ಏನೂ ಕಾಣ್ತಾ ಇಲ್ಲವಲ್ಲ?"

"ಗೊತ್ತಿದ್ದರೆ ತಾನೆ ಕಾಣೋದು? ಅವರೆಲ್ಲ ತೆರೆದು ನೋಡುವಾಗ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನನಗೆ ಯಾರೂ ಹೇಳಬೇಡಿ ಅಂದಿದ್ದೆ."

"ಮತ್ತೆ ಬೆನ್ನು ಯಾಕೆ ತೋರಿಸ್ತಿದ್ರಿ?"

"ಗೊತ್ತಿಲ್ಲ ಅಂದ್ರೂ ನೀನು ನನ್ನ ಮುಖದಲ್ಲಿ ಏನಾದ್ರೂ ಹುಡುಕ್ತಿದ್ದೆ."

ತಂಗಿ ಅವನ ತೋಳಿಗೆ ಒಂದು ಏಟು ಕೊಟ್ಟಳು, ಆಮೇಲೆ ಆ ತೋಳನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ನಡಿ, ಹೊತ್ತಾಯ್ತು" ಎಂದ ಅವನು. "ಒಟ್ಟಿಗೇ ನೋಡೋಣ."